ಟಿಕೆಟ್ ಬೇರೆ, ಸೀಟು ಬೇರೆ: ಜರ್ಮನಿಯ ರೈಲು ಆ್ಯಪ್ ಬಳಸಿದ ನನ್ನ ಅನುಭವ

ನಮ್ಮಲ್ಲಿ ದೂರದ ರೈಲಿಗೆ ಟಿಕೆಟ್ ಕನ್ಫರ್ಮ್ ಆಗುವುದೇ ಕಷ್ಟ. ಆಯಿತು ಅಂದರೆ ಬರ್ತ್ ನಮ್ಮದು. ಜರ್ಮನಿಯಲ್ಲಿ ಹಾಗಿಲ್ಲ. ವೇಟಿಂಗ್ ಲಿಸ್ಟ್ ಇಲ್ಲ, ಆರ್‌ಎಸಿ ಇಲ್ಲ, ಚಾರ್ಟ್‌ಗೆ ಕಾಯುವ ಗೋಜೂ ಇಲ್ಲ. ರೈಲು ಹೊರಡುವ ಹತ್ತು ನಿಮಿಷ ಮೊದಲು ಕೂಡ ಫೋನಿನಲ್ಲಿ ಟಿಕೆಟ್ ತೆಗೆಯಬಹುದು. ಆದರೆ ಆ ಟಿಕೆಟ್ ರೈಲು ಹತ್ತಲು ಮಾತ್ರ. ಕೂರಲು ಜಾಗ ಬೇಕಾದರೆ ಅದಕ್ಕೆ ಬೇರೆ ದುಡ್ಡು. ಕೆಲಸದ ಮೇಲೆ ಕಲೋನ್‌ಗೆ ಬಂದ ನನಗೆ ಈ ಒಂದು ಲೆಕ್ಕ ತಲೆಗೆ ಹೋದ ಮೇಲೆ ಉಳಿದದ್ದು ಸಲೀಸಾಯಿತು.

ನಾನು ಬಳಸುವುದು ಜರ್ಮನಿಯ ರೈಲ್ವೆ ಕಂಪನಿ ಡಾಯ್ಚ ಬಾನ್‌ನ (ಡಿಬಿ) ಡಿಬಿ ನ್ಯಾವಿಗೇಟರ್. ಆ್ಯಪ್ ಇಂಗ್ಲಿಷ್‌ನಲ್ಲೂ ಇದೆ. ನಿಲ್ದಾಣ ಆರಿಸುವಾಗ ಮಾತ್ರ ಒಂದು ಕ್ಷಣ ನಿಂತು ನೋಡಬೇಕು. ಹೆಸರಿನ ಮುಂದೆ ‘ಹೆಚ್‌ಬಿಎಫ್’ ಅಂತಿದ್ದರೆ ಅದು ಊರಿನ ಮುಖ್ಯ ನಿಲ್ದಾಣ. ಫ್ರಾಂಕ್‌ಫರ್ಟ್ ಅಂತ ಟೈಪ್ ಮಾಡಿದರೆ ಮಾಯ್ನ್ ನದಿಯ ದೊಡ್ಡ ಫ್ರಾಂಕ್‌ಫರ್ಟ್ ಜೊತೆಗೆ, ಪೋಲೆಂಡ್ ಗಡಿಯಲ್ಲಿ ಓಡರ್ ನದಿ ಪಕ್ಕದಲ್ಲಿರುವ ಇನ್ನೊಂದು ಫ್ರಾಂಕ್‌ಫರ್ಟ್ ಕೂಡ ಬರುತ್ತದೆ. ವಿಮಾನ ನಿಲ್ದಾಣದ ರೈಲು ನಿಲ್ದಾಣ ಮೂರನೆಯದು. ನಮ್ಮ ಕಲೋನ್‌ನಲ್ಲೂ ಇದೇ ಕಥೆ. ಕೆಲವು ವೇಗದ ರೈಲುಗಳು ಚರ್ಚ್ ಪಕ್ಕದ ಮುಖ್ಯ ನಿಲ್ದಾಣಕ್ಕೆ ಬರುವುದೇ ಇಲ್ಲ. ರೈನ್ ನದಿಯ ಆಚೆ ದಡದ ಮೆಸ್ಸೆ/ಡಾಯ್ಟ್ಸ್ ನಿಲ್ದಾಣದಲ್ಲಿ ನಿಂತು ಹಾಗೇ ಹೋಗುತ್ತವೆ. ಅಲ್ಲಿಯೂ ಪ್ಲಾಟ್‌ಫಾರ್ಮ್‌ಗಳು ಮೇಲೊಂದಿಷ್ಟು, ಕೆಳಗೊಂದಿಷ್ಟು. ಹಾಗಾಗಿ ಸಮಯ ನೋಡುವ ಮೊದಲು ನಾನು ನಿಲ್ದಾಣದ ಪೂರ್ತಿ ಹೆಸರು ಓದುತ್ತೇನೆ.

ದುಡ್ಡು ಕಟ್ಟುವ ವಿಷಯ ಊರಿಂದ ಬರುವವರಿಗೆ ಹೇಳಲೇಬೇಕು. ಯುಪಿಐ ಮರೆತುಬಿಡಿ. ನಮ್ಮ ಕಾರ್ಡುಗಳಲ್ಲಿ ವಿದೇಶಿ ಆನ್‌ಲೈನ್ ಪಾವತಿ ಸಾಮಾನ್ಯವಾಗಿ ಆಫ್ ಆಗಿರುತ್ತದೆ. ಹೊರಡುವ ಮೊದಲೇ ಬ್ಯಾಂಕ್ ಆ್ಯಪ್‌ನಲ್ಲಿ ಆನ್ ಮಾಡಿಕೊಳ್ಳಿ. ಓಟಿಪಿ ಬರುವುದು ಊರಿನ ಸಿಮ್‌ಗೆ, ಅದಕ್ಕೆ ರೋಮಿಂಗ್ ಇರಬೇಕು. ಅಪ್ಪ ಅಮ್ಮ ಹಾಸನದಿಂದ ಬಂದಾಗ ನಾನು ಅವರ ಟಿಕೆಟ್‌ಗಳನ್ನು ನನ್ನ ಫೋನಿನಲ್ಲೇ ತೆಗೆದು ಈ ತಲೆನೋವನ್ನೇ ಕಳೆದುಕೊಂಡೆ. ಒಂದೇ ಟಿಕೆಟ್‌ನಲ್ಲಿ ಮೂವರೂ ಹೋಗಬಹುದು. ಹೆಸರು ಮಾತ್ರ ಒಬ್ಬರದೇ ಇರುತ್ತದೆ. ಆ ಒಬ್ಬರು ಗುರುತಿನ ಚೀಟಿ ಸಮೇತ ಜೊತೆಗಿರಲೇಬೇಕು. ಮಕ್ಕಳಿದ್ದರೆ ಇನ್ನೂ ಅನುಕೂಲ. 6 ವರ್ಷದೊಳಗಿನವರಿಗೆ ಟಿಕೆಟ್ ಬೇಡ. 6ರಿಂದ 14ರವರು ದೊಡ್ಡವರ ಜೊತೆ ಪುಕ್ಕಟೆ, ಆದರೆ ಬುಕ್ ಮಾಡುವಾಗಲೇ ಅವರನ್ನೂ ಸೇರಿಸಿರಬೇಕು.

ಇನ್ನು ದರ. ಆ್ಯಪ್ ಮುಖ್ಯವಾಗಿ ಮೂರು ಬಗೆ ತೋರಿಸುತ್ತದೆ: ಸೂಪರ್ ಸೇವರ್, ಸೇವರ್, ಫ್ಲೆಕ್ಸಿಬಲ್. ಸೂಪರ್ ಸೇವರ್ ಎಲ್ಲಕ್ಕಿಂತ ಅಗ್ಗ, ಆದರೆ ರದ್ದು ಮಾಡಿದರೆ ದುಡ್ಡು ಹೋಯಿತು. ಸೇವರ್ ಅನ್ನು ಪ್ರಯಾಣದ ದಿನಕ್ಕೆ ಮೊದಲು ಶುಲ್ಕ ಕಟ್ಟಿ ರದ್ದು ಮಾಡಬಹುದು. ಇವೆರಡರಲ್ಲೂ ಆರಿಸಿದ ರೈಲಿಗೇ ನೀವು ಬದ್ಧ. ಮಧ್ಯಾಹ್ನ ಎರಡರ ರೈಲಿನ ಟಿಕೆಟ್ ಹಿಡಿದು ಹನ್ನೆರಡರ ರೈಲು ಹತ್ತುವಂತಿಲ್ಲ. ಫ್ಲೆಕ್ಸಿಬಲ್ ಟಿಕೆಟ್‌ಗೆ ಆ ದಿನ ಆ ದಾರಿಯ ಯಾವ ರೈಲಾದರೂ ಸರಿ. ಆದರೆ ಬೆಲೆ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಅಗ್ಗದ ಟಿಕೆಟ್‌ಗಳು ಮಿತ ಸಂಖ್ಯೆಯಲ್ಲಿರುತ್ತವೆ, ದಿನ ಹತ್ತಿರವಾದಂತೆ ಬೆಲೆ ಏರುತ್ತದೆ. ತತ್ಕಾಲ್ ನಂಬಿಕೊಂಡು ಕೂರುವ ನಮ್ಮ ಅಭ್ಯಾಸ ಇಲ್ಲಿ ಜೇಬಿಗೆ ಕತ್ತರಿ. ದಿನ ಬದಲಾಯಿಸಲು ಸಾಧ್ಯವಿದ್ದರೆ ಆ್ಯಪ್‌ನ ‘ಬೆಸ್ಟ್ ಪ್ರೈಸ್’ ಹುಡುಕಾಟ ಒತ್ತಿ. ದಿನದ ಯಾವ ಹೊತ್ತಿನಲ್ಲಿ ಕಡಿಮೆ ದರವಿದೆ ಅಂತ ತೋರಿಸುತ್ತದೆ.

ಇಲ್ಲೇ ಇರುವವರು ಬಾನ್‌ಕಾರ್ಡ್ 25 ತೆಗೆದುಕೊಂಡರೆ ದರದಲ್ಲಿ ಶೇ. 25 ಕಡಿಮೆ. ಒಂದೇ ಎಚ್ಚರ: ಅದು ಚಂದಾದಂತೆ ತಾನಾಗಿಯೇ ಮುಂದುವರಿಯುತ್ತದೆ. ಬೇಡವಾದರೆ ಅವಧಿ ಮುಗಿಯುವ ಮೊದಲೇ ರದ್ದು ಮಾಡಬೇಕು. ತಿಂಗಳ ಡಾಯ್ಚ್‌ಲ್ಯಾಂಡ್ ಟಿಕೆಟ್ ಇದೆಯಲ್ಲ ಅಂತ ದೂರದ ವೇಗದ ರೈಲು ಐಸಿಇ ಹತ್ತಬೇಡಿ. ಅದು ಊರ ಬಸ್ಸು, ಟ್ರಾಮ್, ಪ್ರಾದೇಶಿಕ ರೈಲುಗಳಿಗೆ ಮಾತ್ರ.

ಸೀಟು ಕಾಯ್ದಿರಿಸಲು ಎರಡನೇ ದರ್ಜೆಯಲ್ಲಿ ಒಬ್ಬರಿಗೆ 5 ಯುರೋ ಚಿಲ್ಲರೆ. ಸುಮ್ನೆ ಖರ್ಚು ಅನ್ನುವವರಿದ್ದಾರೆ. ಒಬ್ಬನೇ ಮಂಗಳವಾರ ಮಧ್ಯಾಹ್ನ ಹೋಗುವುದಾದರೆ ನಾನೂ ಕಟ್ಟುವುದಿಲ್ಲ. ಶುಕ್ರವಾರ ಸಂಜೆ, ಭಾನುವಾರ, ಅಥವಾ ವಯಸ್ಸಾದವರು ಜೊತೆಗಿದ್ದಾಗ ಕಣ್ಣು ಮುಚ್ಚಿ ಕಟ್ಟುತ್ತೇನೆ. ಬೋಗಿಯ ನಕ್ಷೆ ನೋಡಿ ಸೀಟು ಆರಿಸಬಹುದು. ಅಪ್ಪ ಅಮ್ಮನ ಜೊತೆ ಹೋಗುವಾಗ ನಡುವೆ ಮೇಜಿರುವ ಎದುರುಬದುರು ಸೀಟು ತೆಗೆದುಕೊಂಡೆ. ಕಟ್ಟಿಕೊಂಡು ಬಂದ ಚಪಾತಿ, ಪುಳಿಯೋಗರೆ ಬಿಚ್ಚಲು ಮೇಜು ಬೇಕೇ ಬೇಕು, ಅಲ್ವಾ? ಮನೆ ಊಟ ತಿಂದರೆ ಯಾರೂ ಏನೂ ಅನ್ನುವುದಿಲ್ಲ. ‘ಕ್ವಯಟ್ ಝೋನ್’ ಬೋಗಿ ಮಾತ್ರ ಆರಿಸಬೇಡಿ. ಅಲ್ಲಿ ಫೋನಿನಲ್ಲಿ ಮಾತಾಡುವಂತಿಲ್ಲ, ನಮ್ಮ ಹರಟೆಗಂತೂ ಜಾಗವೇ ಇಲ್ಲ.

ಸೀಟು ಕಾಯ್ದಿರಿಸದೆ ಹತ್ತಿದರೆ ಸೀಟಿನ ಪಕ್ಕದಲ್ಲೋ ಮೇಲೋ ಇರುವ ಪುಟ್ಟ ಪರದೆ ಓದಬೇಕು. ಅದರಲ್ಲಿ ‘ಹ್ಯಾನೋವರ್–ಬರ್ಲಿನ್’ ಅಂತಿದ್ದರೆ ಹ್ಯಾನೋವರ್ ಬರುವವರೆಗೆ ಆ ಸೀಟಿನಲ್ಲಿ ಕೂರಬಹುದು. ಕಾಯ್ದಿರಿಸಿದವರು ರೈಲು ಹೊರಟು 15 ನಿಮಿಷವಾದರೂ ಬಂದು ಕೂರದಿದ್ದರೆ ಅವರ ಹಕ್ಕು ಹೋಗುತ್ತದೆ. ಈ ನಿಯಮ ನಮಗೂ ಅನ್ವಯ. ಹತ್ತಿದ ಮೇಲೆ ಕಾಫಿ ತರಲು ಹೋಗುವ ಮೊದಲು ಸೀಟು ಹಿಡಿಯಿರಿ.

ಹೊರಡುವ ದಿನ ಆ್ಯಪ್‌ನ ನಿಜವಾದ ಉಪಯೋಗ ಶುರು. ಪ್ಲಾಟ್‌ಫಾರ್ಮ್ ಸಂಖ್ಯೆ ಟಿಕೆಟ್‌ನಲ್ಲೇ ಇರುತ್ತದೆ, ಆದರೆ ಕೊನೆ ಗಳಿಗೆಯಲ್ಲಿ ಬದಲಾಗುತ್ತದೆ. ಜರ್ಮನ್ ಅನೌನ್ಸ್‌ಮೆಂಟ್ ಅರ್ಥವಾಗದವರಿಗೆ ಆ್ಯಪ್‌ನ ನೋಟಿಫಿಕೇಶನ್ನೇ ಗತಿ. ಅದನ್ನು ಆಫ್ ಮಾಡಬೇಡಿ. ಆಮೇಲೆ ಬೋಗಿಗಳ ಕ್ರಮ ನೋಡಿ. ದೊಡ್ಡ ಐಸಿಇ 370 ಮೀಟರಿಗೂ ಉದ್ದ. ಪ್ಲಾಟ್‌ಫಾರ್ಮ್ ಉದ್ದಕ್ಕೂ ಎ, ಬಿ, ಸಿ ಅಂತ ಅಕ್ಷರದ ಫಲಕಗಳಿರುತ್ತವೆ. ನಮ್ಮ ಬೋಗಿ ಯಾವ ಅಕ್ಷರದ ಕೆಳಗೆ ನಿಲ್ಲುತ್ತದೆ ಅಂತ ಆ್ಯಪ್ ಚಿತ್ರ ಸಮೇತ ತೋರಿಸುತ್ತದೆ. ರೈಲು ಬರುವ ಮೊದಲೇ ಅಲ್ಲಿ ಹೋಗಿ ನಿಲ್ಲುತ್ತೇನೆ. ಹಲವು ಕಡೆ ಎರಡು ಮೂರು ನಿಮಿಷವಷ್ಟೇ ನಿಲ್ಲುವುದು. ಹತ್ತುವಲ್ಲಿ ಮೆಟ್ಟಿಲುಗಳಿವೆ, ಪೋರ್ಟರ್‌ಗಳಿಲ್ಲ. ಅಮ್ಮನ ಎರಡು ಸೂಟ್‌ಕೇಸ್ ಹಿಡಿದು ಹತ್ತು ಬೋಗಿ ದಾಟುವುದು ಬೇಡವೇ ಬೇಡ.

ಒಂದು ವಿಷಯ ಮಾತ್ರ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಹೊಸಬರಿಗೆ ಇದು ಊಹೆಗೂ ಬರುವುದಿಲ್ಲ. ಕೆಲವು ರೈಲುಗಳು ದಾರಿ ಮಧ್ಯೆ ಎರಡಾಗುತ್ತವೆ. ಬರ್ಲಿನ್‌ನಿಂದ ನಮ್ಮ ಕಡೆ ಬರುವ ಐಸಿಇಗಳಲ್ಲಿ ಹಲವು ಎರಡು ರೈಲು ಜೋಡಿಸಿದವು. ಹಾಮ್ ಎಂಬ ನಿಲ್ದಾಣದಲ್ಲಿ ಬೇರೆಯಾಗುತ್ತವೆ. ಒಂದು ಭಾಗ ವುಪ್ಪರ್ಟಾಲ್ ಮೇಲೆ ಕಲೋನ್‌ಗೆ, ಇನ್ನೊಂದು ಎಸ್ಸೆನ್, ಡ್ಯೂಸ್‌ಬರ್ಗ್ ಮೇಲೆ ಡಸೆಲ್‌ಡಾರ್ಫ್ ಕಡೆಗೆ. ಎರಡು ಭಾಗಗಳ ನಡುವೆ ಒಳಗಿಂದ ದಾರಿ ಇಲ್ಲ. ಪ್ಲಾಟ್‌ಫಾರ್ಮ್‌ಗೆ ಇಳಿದೇ ಬದಲಾಯಿಸಬೇಕು. ಸೀಟು ಕಾಯ್ದಿರಿಸಿದ್ದರೆ ಬೋಗಿ ಸಂಖ್ಯೆ ನೋಡಿ ಹತ್ತಿದರೆ ಸಾಕು. ಇಲ್ಲವಾದರೆ ಬಾಗಿಲ ಪಕ್ಕದ ಪರದೆಯಲ್ಲಿ ರೈಲಿನ ಸಂಖ್ಯೆ ಮತ್ತು ಕೊನೆಯ ನಿಲ್ದಾಣ ಎರಡನ್ನೂ ನೋಡಿಯೇ ಕಾಲಿಡಿ. ನನ್ನ ಮಟ್ಟಿಗೆ ಆ 5 ಯುರೋ ಸೀಟಿಗಿಂತ ಜಾಸ್ತಿ ಈ ನೆಮ್ಮದಿಗೆ.

ಕೂತ ಮೇಲೆ ಆ್ಯಪ್‌ನಲ್ಲಿ ಕಂಫರ್ಟ್ ಚೆಕ್-ಇನ್ ಒತ್ತಿದರೆ, ಈ ಸೀಟಿನವರ ಟಿಕೆಟ್ ಸರಿಯಿದೆ ಅಂತ ಟಿಸಿಗೆ ತನ್ನ ಸಾಧನದಲ್ಲೇ ಗೊತ್ತಾಗುತ್ತದೆ. ನಮ್ಮನ್ನು ಎಬ್ಬಿಸುವುದಿಲ್ಲ. ಅಮ್ಮನಿಗೆ ಇದೇ ಚಿಂತೆಯಾಯಿತು. “ಏನೋ, ಟಿಸಿ ನಮ್ಮ ಹತ್ರ ಬರ್ಲೇ ಇಲ್ವಲ್ಲೋ, ಟಿಕೆಟ್ ಸರಿಯಾಗಿದೆ ತಾನೇ?” ಅಂತ ಎರಡು ಮೂರು ಸಲ ಕೇಳಿದರು. ಅಪ್ಪ ಮಾತ್ರ ಕಿಟಕಿ ಬಿಟ್ಟು ಕದಲಲಿಲ್ಲ. ಕಲೋನ್–ಫ್ರಾಂಕ್‌ಫರ್ಟ್ ನಡುವಿನ 2002ರ ಹೊಸ ಮಾರ್ಗದಲ್ಲಿ ವೇಗ ಗಂಟೆಗೆ 300 ಕಿ.ಮೀ. ಮುಟ್ಟಿದ್ದು ಪರದೆಯಲ್ಲಿ ಕಂಡಾಗ ಪಕ್ಕದವರಿಗೂ ತೋರಿಸಿದರು.

ಜರ್ಮನ್ ರೈಲು ಅಂದರೆ ಗಡಿಯಾರ ಅನ್ನುವ ನಂಬಿಕೆ ಬಿಟ್ಟುಬಿಡುವುದು ಒಳ್ಳೆಯದು. 2024ರಲ್ಲಿ ದೂರದ ರೈಲುಗಳಲ್ಲಿ ಸಮಯಕ್ಕೆ ಬಂದವು ಶೇ. 62.5. ಅದೂ ಆರು ನಿಮಿಷದೊಳಗಿನ ತಡವನ್ನು ತಡ ಅಂತ ಲೆಕ್ಕ ಹಾಕದೆ! ಆ್ಯಪ್ ಆರೇಳು ನಿಮಿಷದಲ್ಲಿ ರೈಲು ಬದಲಾಯಿಸುವ ದಾರಿ ತೋರಿಸಿದರೆ ನಾನು ಅದನ್ನು ಮುಟ್ಟುವುದಿಲ್ಲ. ಹುಡುಕುವಾಗಲೇ ರೈಲು ಬದಲಾಯಿಸಲು ಬೇಕಾದ ಕನಿಷ್ಠ ಸಮಯವನ್ನು ಅರ್ಧ ಗಂಟೆಗೆ ಏರಿಸಿಡುತ್ತೇನೆ. ನೇರ ರೈಲಿದ್ದರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಅದನ್ನೇ ತೆಗೆಯುತ್ತೇನೆ. ಬದಲಾಯಿಸಲೇಬೇಕಾದರೆ ಪೂರ್ತಿ ದಾರಿಗೆ ಒಂದೇ ಬುಕಿಂಗ್ ಇರಲಿ. ಆಗ ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೂ ಜವಾಬ್ದಾರಿ ನಮ್ಮದಲ್ಲ. ಗುರಿ ಮುಟ್ಟುವುದು 20 ನಿಮಿಷ ಅಥವಾ ಹೆಚ್ಚು ತಡವಾಗುತ್ತದೆ ಅಂತ ಗೊತ್ತಾದರೆ ಸೇವರ್ ಟಿಕೆಟ್‌ನ ಕಟ್ಟುಪಾಡು ಸಡಿಲವಾಗುತ್ತದೆ, ಬೇರೆ ರೈಲು ಹತ್ತಬಹುದು. ಒಂದು ಗಂಟೆ ತಡವಾದರೆ ದರದ ಶೇ. 25, ಎರಡು ಗಂಟೆಯಾದರೆ ಶೇ. 50 ವಾಪಸ್. ಅರ್ಜಿಯನ್ನು ಆ್ಯಪ್‌ನಲ್ಲೇ ಹಾಕಬಹುದು.

ಗಡಿ ದಾಟಿದರೆ ನಿಯಮಗಳೇ ಬೇರೆ. ಎಲ್ಲ ದೇಶಕ್ಕೂ ಒಂದೇ ಆ್ಯಪ್ ಸಾಕು ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಆಯಾ ದೇಶದ ರೈಲಿನವರ ಆ್ಯಪ್‌ನಲ್ಲೇ ತೆಗೆದರೆ ಬದಲಾವಣೆ, ರದ್ದತಿ ಎಲ್ಲ ಒಂದೇ ಕಡೆ ಮುಗಿಯುತ್ತದೆ. ಕಲೋನ್‌ನಿಂದ ಪ್ಯಾರಿಸ್‌ಗೆ ಹೋಗುವ ಕೆಂಪು ರೈಲು ಮೊದಲು ಥಾಲಿಸ್ ಆಗಿತ್ತು, 2023ರಿಂದ ಯೂರೋಸ್ಟಾರ್. ಅದರಲ್ಲಿ ಟಿಕೆಟ್ ಜೊತೆಗೇ ಸೀಟು ಬರುತ್ತದೆ. ಫ್ರಾನ್ಸ್‌ನ ವೇಗದ ರೈಲು ಟಿಜಿವಿಯಲ್ಲೂ ಹಾಗೇ. ಅಲ್ಲಿ ಎಸ್‌ಎನ್‌ಸಿಎಫ್ ಕನೆಕ್ಟ್ ಆ್ಯಪ್ ಇದೆ. ಪ್ಲಾಟ್‌ಫಾರ್ಮ್ ಸಂಖ್ಯೆ ಸುಮಾರು 20 ನಿಮಿಷ ಮೊದಲಷ್ಟೇ ಗೊತ್ತಾಗುತ್ತದೆ. ದೊಡ್ಡ ನಿಲ್ದಾಣಗಳಲ್ಲಿ ಕೋಡ್ ತೋರಿಸಿ ಗೇಟು ದಾಟಬೇಕು. ಹೊರಡುವ ಎರಡು ನಿಮಿಷ ಮೊದಲೇ ಬಾಗಿಲು ಮುಚ್ಚುತ್ತದೆ. ಸಾಮಾನಿನ ಮೇಲೆ ಹೆಸರಿನ ಚೀಟಿ ಕಡ್ಡಾಯ. ಪ್ಯಾರಿಸ್‌ನಲ್ಲಿ ದೊಡ್ಡ ನಿಲ್ದಾಣಗಳು ಹಲವು. ಕಲೋನ್ ರೈಲು ಬರುವುದು ಗಾರ್ ದ್ಯು ನಾರ್‌ಗೆ, ಲಿಯಾನ್ ಕಡೆ ರೈಲು ಹೊರಡುವುದು ಗಾರ್ ದ ಲಿಯಾನ್‌ನಿಂದ. ನಡುವೆ ಆರ್‌ಇಆರ್ ಡಿ ಎಂಬ ಲೋಕಲ್ ರೈಲು ಹಿಡಿದರೆ ಎರಡನೇ ಸ್ಟಾಪ್. ಆ್ಯಪ್ ಏನೇ ಹೇಳಲಿ, ನಾನು ಅಲ್ಲಿ ಒಂದೂವರೆ ಗಂಟೆ ಬಿಡುತ್ತೇನೆ.

ಇಟಲಿಯಲ್ಲಿ ಒಂದೇ ಹಳಿಯ ಮೇಲೆ ಎರಡು ಕಂಪನಿ: ಟ್ರೆನಿಟಾಲಿಯಾದ ಫ್ರೆಚ್ಚಾರೊಸ್ಸಾ, ಖಾಸಗಿ ಇಟಾಲೊ. ಆ್ಯಪ್ ಬೇರೆ ಬೇರೆ, ಒಂದರ ಟಿಕೆಟ್ ಇನ್ನೊಂದರಲ್ಲಿ ನಡೆಯಲ್ಲ. ಎರಡರಲ್ಲೂ ದರ ನೋಡಿ ತೆಗೆಯಿರಿ, ಪೈಪೋಟಿಯಿಂದ ಲಾಭ ನಮಗೇ. ವೆನಿಸ್‌ಗೆ ಹೋಗುವವರು ಆರಿಸಬೇಕಾದ್ದು ವೆನೆಜಿಯಾ ಸಾಂತಾ ಲೂಚಿಯಾ. ಮೆಸ್ತ್ರೆ ಅಂತಿರುವುದು ನೀರಿನ ಈಚೆಯ ಊರು. ಹೋಟೆಲ್ ಅಗ್ಗ ಅಂತ ಮೆಸ್ತ್ರೆಯಲ್ಲಿ ಉಳಿಯುವವರು ಮಾತ್ರ ಅಲ್ಲಿಗೆ ಟಿಕೆಟ್ ತೆಗೆಯಲಿ.