ಕ್ವಾಡ್ ಬೈಕ್: ಕೂಲೆಂಟ್ ಎಷ್ಟು ಬಿಸಿಯಾದರೆ ಗಾಡಿ ನಿಲ್ಲಿಸಬೇಕು?

ನಾಲ್ಕು ಚಕ್ರದ ಕ್ವಾಡ್ ಬೈಕಿನಲ್ಲಿ ಕೆಸರು ದಾಟಿ ಏರು ಹತ್ತುವಾಗ ಕೂಲೆಂಟ್ ಮೀಟರ್ 98 ಡಿಗ್ರಿ ಸೆಲ್ಸಿಯಸ್ ತೋರಿಸಿದರೆ ಎಷ್ಟೋ ಜನರ ಎದೆ ಧಸಕ್ಕೆನ್ನುತ್ತದೆ. ನೀರು 100ಕ್ಕೆ ಕುದಿಯುತ್ತದಲ್ವಾ, ಇನ್ನೇನು ಎಂಜಿನ್ ಹೋಯ್ತು ಅಂತ ಭಯ. ಆದರೆ ರೇಡಿಯೇಟರ್ ಒಳಗೆ ಇರುವುದು ಬರೀ ನೀರಲ್ಲ. ಅರ್ಧ ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ), ಅರ್ಧ ನೀರಿನ ಮಿಶ್ರಣ ತೆರೆದ ಪಾತ್ರೆಯಲ್ಲೇ ಸುಮಾರು 107 ಡಿಗ್ರಿವರೆಗೆ ಕುದಿಯುವುದಿಲ್ಲ. ರೇಡಿಯೇಟರಿನ ಮುಚ್ಚಳ, ಅಂದರೆ ಕ್ಯಾಪ್, ಒತ್ತಡವನ್ನು ಸರಿಯಾಗಿ ಹಿಡಿದಿಟ್ಟರೆ ಆ ಮಿತಿ 120 ದಾಟುತ್ತದೆ. ಕ್ಯಾಪಿನ ರಬ್ಬರ್ ಸವೆದಿದ್ದರೆ ಈ ರಕ್ಷಣೆಯೇ ಇರುವುದಿಲ್ಲ. ಚಿಕ್ಕ ಭಾಗ, ಆದರೆ ನಾನು ಮೊದಲು ನೋಡುವುದು ಅದನ್ನೇ.

ಮೊದಲು ನಿಮ್ಮ ಗಾಡಿಯ ಮಾಮೂಲಿ ಅಂಕಿ ತಿಳಿದುಕೊಳ್ಳಿ. ಸಮತಟ್ಟು ದಾರಿಯಲ್ಲಿ ಇಪ್ಪತ್ತು ನಿಮಿಷ ಓಡಿಸಿ ಮೀಟರ್ ನೋಡಿ. ಹೆಚ್ಚಿನ ಗಾಡಿಗಳು 80ರಿಂದ 95ರ ನಡುವೆ ನಿಲ್ಲುತ್ತವೆ. ಫ್ಯಾನ್ ಸಾಮಾನ್ಯವಾಗಿ 90ರ ಆಚೆಗೆ ಶುರುವಾಗುತ್ತದೆ. ಅದು ಎಷ್ಟಕ್ಕೆ ತಿರುಗಿತು, ಎಷ್ಟಕ್ಕೆ ನಿಂತಿತು ಎಂದು ಬರೆದಿಟ್ಟುಕೊಳ್ಳಿ. ಮೀಟರ್ 200 ತೋರಿಸಿದರೆ ಗಾಬರಿ ಬೇಡ, ಅದು ಫ್ಯಾರನ್‌ಹೀಟ್. ಅಂದರೆ ಸುಮಾರು 93 ಡಿಗ್ರಿ ಸೆಲ್ಸಿಯಸ್.

ನಿಧಾನವಾಗಿ ಏರುವಾಗ 100ರ ಆಸುಪಾಸಿಗೆ ಹೋಗಿ, ಫ್ಯಾನ್ ತಿರುಗಿದ ಮೇಲೆ ಇಳಿದರೆ ಚಿಂತೆಯಿಲ್ಲ. 105 ದಾಟಿಯೂ ಏರುತ್ತಲೇ ಇದ್ದರೆ ವೇಗ ತಗ್ಗಿಸಿ, ಲೋ ಗೇರಿಗೆ ಬನ್ನಿ. 110 ಮುಟ್ಟಿದರೆ, ಅಥವಾ ಅದಕ್ಕೂ ಮುಂಚೆಯೇ ಎಚ್ಚರಿಕೆ ದೀಪ ಹೊತ್ತಿದರೆ, ನಿಲ್ಲಿಸಿಬಿಡಿ. ನಿಮ್ಮ ಗಾಡಿಯ ಪುಸ್ತಕದಲ್ಲಿ ಇದಕ್ಕಿಂತ ಕಡಿಮೆ ಮಿತಿ ಬರೆದಿದ್ದರೆ ಅದನ್ನೇ ಪಾಲಿಸಿ.

ನಿಲ್ಲಿಸುವುದಕ್ಕೂ ಒಂದು ಕ್ರಮವಿದೆ. ಆವಿ ಬರುತ್ತಿಲ್ಲ, ಸೋರಿಕೆಯಿಲ್ಲ, ಫ್ಯಾನ್ ತಿರುಗುತ್ತಿದೆ ಎಂದಾದರೆ ನ್ಯೂಟ್ರಲ್‌ನಲ್ಲಿ ಒಂದೆರಡು ನಿಮಿಷ ಎಂಜಿನ್ ಓಡಲಿ. ತಕ್ಷಣ ಆಫ್ ಮಾಡಿದರೆ ಪಂಪ್ ನಿಂತು, ಎಂಜಿನ್ ಒಳಗಿನ ಶಾಖಕ್ಕೆ ಕೂಲೆಂಟ್ ಇನ್ನೂ ಬಿಸಿಯಾಗುತ್ತದೆ. ಆವಿ ಬಂದರೆ ಮಾತ್ರ ಕೂಡಲೇ ಆಫ್ ಮಾಡಿ. ಬಿಸಿ ಇರುವಾಗ ಕ್ಯಾಪ್ ಮುಟ್ಟಲೇಬೇಡಿ. ಒತ್ತಡ ಹೋದ ಕ್ಷಣದಲ್ಲೇ ಒಳಗಿನದ್ದೆಲ್ಲ ಕುದಿದು ಮುಖಕ್ಕೆ ಚಿಮ್ಮುತ್ತದೆ. ಅರ್ಧ ಗಂಟೆಯಾದರೂ ಕಾಯಿರಿ, ರೇಡಿಯೇಟರಿನ ಮೇಲಿನ ರಬ್ಬರ್ ಹೋಸ್ ಹಿಸುಕಿದರೆ ಮೆತ್ತಗಿರಬೇಕು.

ಈಗ ಕಾರಣ ಹುಡುಕಿ. ಹತ್ತರಲ್ಲಿ ಎಂಟು ಸಲ ಕೆಸರೇ ಕಾರಣ ಅನ್ನುವುದು ನನ್ನ ಅನುಭವ. ಒಮ್ಮೆ ನಾನು ಕೂಲೆಂಟ್ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಬದಲಿಸಿದೆ, ಕೂಲೆಂಟ್ ಬದಲಿಸಿದೆ, ಬಿಸಿ ಇಳಿಯಲಿಲ್ಲ. ಕೊನೆಗೆ ರೇಡಿಯೇಟರ್ ಹಿಂದೆ ಟಾರ್ಚ್ ಹಿಡಿದು ಮುಂದಿನಿಂದ ನೋಡಿದೆ. ಮೇಲಿನ ಮೂರು ಬೆರಳಷ್ಟು ಜಾಗದಲ್ಲಿ ಮಾತ್ರ ಬೆಳಕು ಕಂಡಿತು. ಉಳಿದದ್ದೆಲ್ಲ ಒಣಗಿದ ಮಣ್ಣು, ಇಟ್ಟಿಗೆಯ ಹಾಗೆ. ಹೊರಗಿನಿಂದ ಮಾತ್ರ ಫಳಫಳ ಹೊಳೆಯುತ್ತಿತ್ತು, ಯಾಕಂದರೆ ಪ್ರತಿ ಸಲ ಮುಂದಿನಿಂದಲೇ ನೀರು ಹೊಡೆದು ಕೆಸರನ್ನು ಒಳಕ್ಕೆ ತಳ್ಳುತ್ತಿದ್ದೆ.

ಹಾಗಾಗಿ ತೊಳೆಯುವಾಗ ಎಂಜಿನ್ ಕಡೆಯಿಂದ ಹೊರಕ್ಕೆ ನೀರು ಬಿಡಿ. ಸಾಮಾನ್ಯ ಪೈಪ್ ಸಾಕು. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ರೇಡಿಯೇಟರಿನ ತೆಳು ಲೋಹದ ಫಿನ್‌ಗಳು ಮಡಚಿ ಗಾಳಿಯ ದಾರಿ ಮುಚ್ಚುತ್ತವೆ. ಮಣ್ಣು ಗಟ್ಟಿಯಾಗಿದ್ದರೆ ನೆನೆಯಲು ಬಿಡಿ, ಕೆರೆಯಬೇಡಿ.

ಆಮೇಲೆ ಕೂಲೆಂಟ್ ಮಟ್ಟ ನೋಡಿ. ಕಡಿಮೆಯಿದ್ದರೆ ಅದೇ ಬಗೆಯ ಕೂಲೆಂಟ್ ಹಾಕಿ, ಬೆರೆಸಲು ಡಿಸ್ಟಿಲ್ಡ್ ನೀರು ಬಳಸಿ. ಚೆಲ್ಲಿದ್ದನ್ನು ಒರೆಸಿ. ರುಚಿ ಸಿಹಿ, ಆದರೆ ವಿಷ. ನಾಯಿ ಬೆಕ್ಕು ನೆಕ್ಕಿದರೆ ಪ್ರಾಣಕ್ಕೇ ಅಪಾಯ.

ಎಲ್ಲ ಸರಿಯಿದ್ದೂ ಬಿಸಿ ಇಳಿಯದಿದ್ದರೆ, ಎಂಜಿನ್ ಪೂರ್ತಿ ತಣ್ಣಗಿದ್ದಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ ನೋಡಿ. ಒಂದೆರಡು ಗುಳ್ಳೆ ಬಂದು ನಿಂತರೆ ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಅಷ್ಟೇ. ಗುಳ್ಳೆ ನಿಲ್ಲದೇ ಬರುತ್ತಿದ್ದರೆ ಎಂಜಿನ್ ಮೇಲ್ಭಾಗವನ್ನು ಸೀಲ್ ಮಾಡುವ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಆಗ ಗಾಡಿ ಓಡಿಸಬೇಡಿ, ಬೇರೆ ಗಾಡಿಗೆ ಏರಿಸಿಕೊಂಡೇ ಮೆಕ್ಯಾನಿಕ್ ಹತ್ತಿರ ಒಯ್ಯಿರಿ.