ಇಲೆಕ್ಟ್ರಿಕ್ ಕಾರು ಕೊಂಡ ಮೇಲೆ ನೆಲ ಅಗೆಸಿದ್ದು: ವಿಜಯಪುರದಿಂದ ನನ್ನ ಅನುಭವ

ನಾನು ವಿಜಯಪುರದ ನಿವಾಸಿ; ಬಬಲೇಶ್ವರ ಕಡೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಹೋಗಿ ಬರಲು ದಿನಕ್ಕೆ ಸುಮಾರು 50 ಕಿ.ಮೀ. ಆಗುತ್ತದೆ. ಎರಡು ವರ್ಷಗಳ ಹಿಂದೆ ಪೆಟ್ರೋಲ್ ಕಾರನ್ನು ಮಾರಿ, 24 ಯೂನಿಟ್ ಬ್ಯಾಟರಿಯ ಚಿಕ್ಕ ಇಲೆಕ್ಟ್ರಿಕ್ ಕಾರು ಕೊಂಡಾಗ ಓಣಿಯ ಹಿರಿಯರಿಂದ ಹಿಡಿದು ಸಹೋದ್ಯೋಗಿಗಳವರೆಗೆ ಎಲ್ಲರೂ ಕೇಳಿದ್ದು, ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ದೂರ ಓಡುತ್ತದೆ ಎಂದು. ಇಷ್ಟು ದಿನ ಓಡಿಸಿದ ಮೇಲೆ ನನಗೆ ಅನ್ನಿಸುವುದೇನೆಂದರೆ, ನನ್ನಂಥ ದಿನನಿತ್ಯದ ಚಾಲಕನಿಗೆ ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಮಾತು ಬೇರೆ ಇದೆ: ಕಾರು ರಾತ್ರಿ ನಿಲ್ಲುವ ಜಾಗದ ವೈರಿಂಗ್ ಮತ್ತು ಅರ್ಥಿಂಗ್ (ಸೋರಿದ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ಏರ್ಪಾಡು) ಹೇಗಿವೆ?

ನಮ್ಮದು ಅಪ್ಪಾಜಿ ಕಟ್ಟಿಸಿದ ಹಳೆಯ ಮನೆ. ಗೀಜರಿಗೆ 15 ಆಂಪಿಯರ್ ಸಾಕೆಟ್ ಇದೆ, ಅದರಿಂದಲೇ ಒಂದು ವೈರ್ ಎಳೆದರಾಯಿತು ಎಂದುಕೊಂಡಿದ್ದೆ. ವೈರಿಂಗ್ ನೋಡಲು ಬಂದ ಎಲೆಕ್ಟ್ರಿಷಿಯನ್ ತಲೆ ಅಲ್ಲಾಡಿಸಿದರು. "ಸರ್, ಗೀಜರ್ ಹತ್ತು ನಿಮಿಷ ಎಳಿತದ, ಇದು ತಾಸಗಟ್ಲೆ ಎಳಿತದ. ವೈರ್ ಕಾಯ್ತದ" ಎಂದರು. ಅವರ ಮಾತಿನಂತೆ ಮೀಟರಿನಿಂದಲೇ ಪ್ರತ್ಯೇಕವಾಗಿ 4 ಚದರ ಮಿ.ಮೀ. ತಾಮ್ರದ ವೈರ್ ಎಳೆಸಿ, ಹೆಚ್ಚು ವಿದ್ಯುತ್ ಹರಿದರೆ ತಾನೇ ಬೀಳುವ 20 ಆಂಪಿಯರಿನ ಎಂಸಿಬಿ ಮತ್ತು ಸೋರಿಕೆ ಹಿಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿದೆ. ಒಮ್ಮೆಗೆ ಎಳೆಯಲು ಮನೆಗೆ ಮಂಜೂರಾದ ಲೋಡ್ 2 ಕಿಲೋವ್ಯಾಟ್ ಇದ್ದುದರಿಂದ ನಮ್ಮ ಭಾಗದ ವಿದ್ಯುತ್ ಕಂಪನಿ ಹೆಸ್ಕಾಂಗೆ ಅರ್ಜಿ ಕೊಟ್ಟು 5 ಕಿಲೋವ್ಯಾಟಿಗೆ ಏರಿಸಿಕೊಂಡೆ.

ಇಷ್ಟೆಲ್ಲ ಆದ ಮೇಲೂ ಮೊದಲ ಏಪ್ರಿಲ್‌ನಲ್ಲಿ ಒಂದು ರಾತ್ರಿ ಕಾರು ಚಾರ್ಜ್ ಆಗಲಿಲ್ಲ. ಚಾರ್ಜರಿನ ಕೆಂಪು ದೀಪ ಹೊತ್ತಿಕೊಂಡೇ ಇತ್ತು. ದೋಷ ಕಾರಿನಲ್ಲಿರಲಿಲ್ಲ, ನಮ್ಮ ನೆಲದಲ್ಲಿತ್ತು. ಅರ್ಥಿಂಗ್ ಸರಿಯಿಲ್ಲದಿದ್ದರೆ ಈ ಚಾರ್ಜರುಗಳು ಸುರಕ್ಷತೆಗಾಗಿ ವಿದ್ಯುತ್ತನ್ನು ಒಳಗೆ ಬಿಡುವುದಿಲ್ಲ. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ನೀರು ಹಿಡಿದುಕೊಂಡು ವಿದ್ಯುತ್ತನ್ನು ಚೆನ್ನಾಗಿ ಒಯ್ಯುತ್ತದೆ. ಬೇಸಿಗೆಯಲ್ಲಿ ಒಣಗಿ ಕೈ ತೂರುವಷ್ಟು ಬಿರುಕು ಬಿಟ್ಟಾಗ ಅರ್ಥಿಂಗ್ ಕಂಬಿಗೂ ಮಣ್ಣಿಗೂ ಸಂಬಂಧವೇ ಕಡಿದುಹೋದಂತಾಗುತ್ತದೆ. ಅಂಗಳದಲ್ಲಿ ಎಂಟು ಅಡಿ ಆಳದ ಹೊಸ ಗುಂಡಿ ತೋಡಿಸಿ, ಇದ್ದಿಲು ಮತ್ತು ಉಪ್ಪು ತುಂಬಿಸಿ, ನೀರು ಹೊಯ್ಯಲು ಒಂದು ಪೈಪು ಬಿಡಿಸಿದೆ. ಈಗ ಶಿವರಾತ್ರಿಯಿಂದ ಮಳೆ ಹಿಡಿಯುವವರೆಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕುತ್ತೇವೆ, ಮತ್ತೆ ಆ ತೊಂದರೆ ಬಂದಿಲ್ಲ. ಕಾರು ಮಾರುವವರು ಯಾರೂ ನನಗೆ ಇದನ್ನು ಹೇಳಿರಲಿಲ್ಲವಾದ್ದರಿಂದ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ದಿನದ 50 ಕಿ.ಮೀ.ಗೆ ಗೋಡೆಯಿಂದ ಸುಮಾರು 7 ಯೂನಿಟ್ ಬೇಕು, ಅಂದರೆ ಮೂರು ತಾಸಿನ ಚಾರ್ಜ್. ಬಿಸಿಲಿನಿಂದ ಬಂದ ಕೂಡಲೇ ಹಚ್ಚದೆ, ರಾತ್ರಿ ಹನ್ನೊಂದರ ಮೇಲೆ ಹಚ್ಚುತ್ತೇನೆ. ನಡುವೆ ಕರೆಂಟ್ ಹೋದರೂ ಬೆಳಗಿನೊಳಗೆ ಮುಗಿಯುತ್ತದೆ. ಇದರದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯಾದ್ದರಿಂದ ವಾರಕ್ಕೊಮ್ಮೆ ನೂರರವರೆಗೆ ತುಂಬಿಸುತ್ತೇನೆ, ಇಲ್ಲವಾದರೆ ಉಳಿದ ಚಾರ್ಜನ್ನು ಪರದೆ ತಪ್ಪಾಗಿ ತೋರಿಸತೊಡಗುತ್ತದೆ.

ಖರ್ಚಿನ ಲೆಕ್ಕದಲ್ಲಿ ಬಹಳ ಜನ ಗೃಹಜ್ಯೋತಿಯನ್ನು (ತಿಂಗಳಿಗೆ 200 ಯೂನಿಟ್ ಒಳಗಿನ ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ರಾಜ್ಯದ ಯೋಜನೆ) ಮರೆಯುತ್ತಾರೆ. ನಮ್ಮ ಮನೆಯ ಬಳಕೆ ತಿಂಗಳಿಗೆ 110 ಯೂನಿಟ್ ಇತ್ತು, ಬಿಲ್ಲು ಶೂನ್ಯ ಬರುತ್ತಿತ್ತು. ಕಾರಿನ 180 ಯೂನಿಟ್ ಸೇರಿದ ಮೇಲೆ 200ರ ಮಿತಿ ದಾಟಿ ಪೂರ್ತಿ ಬಿಲ್ಲು ನಾವೇ ಕಟ್ಟಬೇಕಾಯಿತು. ಹೆಚ್ಚಿಸಿಕೊಂಡ ಲೋಡಿನ ನಿಗದಿತ ಶುಲ್ಕವೂ ಸೇರಿ ತಿಂಗಳಿಗೆ ₹2,600ರ ಆಸುಪಾಸು ಬರುತ್ತದೆ. ಆದ್ದರಿಂದ ಇಲೆಕ್ಟ್ರಿಕ್ ಕಾರಿಗೆ ಕಿ.ಮೀ.ಗೆ ಒಂದೇ ರೂಪಾಯಿ ಖರ್ಚು ಎಂದು ಜನ ಹೇಳುವ ಮಾತನ್ನು ನಾನು ಒಪ್ಪುವುದಿಲ್ಲ, ನನಗೆ ಎರಡು ರೂಪಾಯಿಗೂ ಮೇಲೆ ಬೀಳುತ್ತಿದೆ. ಆದರೂ ಲೀಟರಿಗೆ 17 ಕಿ.ಮೀ. ಕೊಡುತ್ತಿದ್ದ ಹಳೆಯ ಕಾರಿಗೆ ತಿಂಗಳ ಇದೇ 1,250 ಕಿ.ಮೀ. ಓಡಾಟಕ್ಕೆ ₹7,500 ಬೇಕಾಗುತ್ತಿತ್ತು.

ದೂರದ ಪ್ರಯಾಣದ ಮಾತು ಬೇರೆ. ತಂಗಿಯ ಮನೆ ಹುಬ್ಬಳ್ಳಿಯಲ್ಲಿದೆ, ಸುಮಾರು 195 ಕಿ.ಮೀ. ನನ್ನ ಕಾರು ಚಳಿಗಾಲದಲ್ಲಿ 210 ಕಿ.ಮೀ., ಎಸಿ ಹಚ್ಚಿದ ಬೇಸಿಗೆಯಲ್ಲಿ 190 ಕಿ.ಮೀ. ಓಡುತ್ತದೆ, ಹೆದ್ದಾರಿಯಲ್ಲಿ ಗಂಟೆಗೆ 100ರ ವೇಗ ಹಿಡಿದರೆ 160ಕ್ಕೆ ಇಳಿಯುತ್ತದೆ. ಮೊದಲ ಆಷಾಢದಲ್ಲಿ ಕೊಲ್ಹಾರದ ಸೇತುವೆ ದಾಟಿದಾಗಿನಿಂದಲೇ ಪಡುವಣ ಗಾಳಿ ಎದುರಿಗಿತ್ತು, ಚಾರ್ಜ್ ನಾನು ಎಣಿಸಿದ್ದಕ್ಕಿಂತ ಬೇಗ ಕರಗಿತು. ಬಾಗಲಕೋಟೆ ಸಮೀಪ ಆ್ಯಪ್‌ನಲ್ಲಿ ಕಂಡ ಚಾರ್ಜರ್ ಕೆಟ್ಟು ನಿಂತಿತ್ತು. ಎರಡನೆಯದರಲ್ಲಿ ಕೆಲಸವಾಯಿತು, ಮುಕ್ಕಾಲು ತಾಸು ಕಾಯಬೇಕಾಯಿತು, ಯೂನಿಟ್ ದರ ಮನೆಯದಕ್ಕಿಂತ ಮೂರು ಪಟ್ಟು. ನರಗುಂದ, ನವಲಗುಂದದ ಬಯಲಿನಲ್ಲಿ ಗಾಳಿಗೆ ಅಡ್ಡವೇ ಇಲ್ಲ. ಅಲ್ಲಿ ವೇಗವನ್ನು 75ಕ್ಕೆ ಇಳಿಸಿದರೆ ಮಾತ್ರ ಲೆಕ್ಕ ಕೂಡುತ್ತದೆ. ಈಗ ಹೊರಡುವ ಮುನ್ನ ಎರಡು ಚಾರ್ಜರುಗಳನ್ನು ಗುರುತು ಮಾಡಿಕೊಂಡು, ಸಾಧ್ಯವಾದರೆ ಫೋನ್ ಮಾಡಿ ಕೇಳಿಕೊಂಡೇ ಹೋಗುತ್ತೇನೆ. ವಾರಕ್ಕೆರಡು ಬಾರಿ ಇಂಥ ಪ್ರಯಾಣವಿರುವವರಿಗೆ ಈ ಅಳತೆಯ ಬ್ಯಾಟರಿ ಸಾಲದು.

ಕಳೆದ ತಿಂಗಳು ನಮ್ಮ ಶಾಲೆಯ ವಿಜ್ಞಾನ ಶಿಕ್ಷಕರು ಇದೇ ಕಾರು ಕೊಳ್ಳಲು ಮುಂಗಡ ಕೊಡುವವರಿದ್ದರು. ಅವರದು ಎರಡನೆಯ ಮಹಡಿಯ ಬಾಡಿಗೆ ಮನೆ, ಕಾರು ನಿಲ್ಲುವುದು ಬೀದಿಯಲ್ಲಿ. ಇಬ್ಬರೂ ಹೋಗಿ ಮಾಲೀಕರನ್ನು ಕೇಳಿದೆವು. ಅಂಗಳ ಅಗೆಯಲು ಅವರು ಒಪ್ಪಲಿಲ್ಲ. ಸದ್ಯಕ್ಕೆ ಬೇಡ ಸರ್ ಎಂದು ನಾನೇ ಹೇಳಿದೆ.