ತುಳಿದರೆ ಕರೆಂಟ್: ಮನೆಯಲ್ಲೇ ಮಾಡಿ ನೋಡಿ

ಅಡುಗೆಮನೆಯ ಗ್ಯಾಸ್ ಲೈಟರ್ ಒತ್ತಿದಾಗ ‘ಟಕ್’ ಅಂತ ಕಿಡಿ ಹಾರುತ್ತದೆ. ಅದರಲ್ಲಿ ಸೆಲ್ ಇಲ್ಲ. ಒಳಗಿನ ಪೀಜೋ ಹರಳಿಗೆ ಏಟು ಬಿದ್ದಾಗ ಹುಟ್ಟುವ ವೋಲ್ಟೇಜೇ ಆ ಕಿಡಿ. ಹರಳಿನ ಈ ಗುಣವನ್ನು 1880ರಲ್ಲಿ ಕಂಡುಹಿಡಿದವರು ಪಿಯರ್ ಮತ್ತು ಜಾಕ್ ಕ್ಯೂರಿ ಸೋದರರು. 2006ರಲ್ಲಿ ಜಪಾನಿನ ಜೆಆರ್ ಈಸ್ಟ್ ರೈಲ್ವೆ ಕಂಪನಿ ಟೋಕಿಯೋ ಸ್ಟೇಷನ್ನಿನ ಟಿಕೆಟ್ ಗೇಟಿನ ನೆಲದಲ್ಲಿ, ಜನ ತುಳಿದಾಗ ಕರೆಂಟ್ ಹುಟ್ಟಲೆಂದು ಇದನ್ನೇ ಹಾಕಿ ಪರೀಕ್ಷಿಸಿತ್ತು. ಅಂಥದ್ದೇ ಒಂದು ಪುಟ್ಟ ಹಲಗೆ ನಾವೂ ಮಾಡಬಹುದು.

ಬೇಕಾದ್ದು ಇಷ್ಟು: 35 ಮಿ.ಮೀ. ಪೀಜೋ ಡಿಸ್ಕ್ (ನಡುವೆ ಬಿಳಿ ಪೀಜೋ ಪದರ ಇರುವ ಹಿತ್ತಾಳೆ ಬಿಲ್ಲೆ) ಆರು, 1ಎನ್4148 ಡಯೋಡ್ (ಕರೆಂಟನ್ನು ಒಂದೇ ಕಡೆಗೆ ಬಿಡುವಂಥದ್ದು) ನಾಲ್ಕು, 10 ಮೈಕ್ರೋಫ್ಯಾರಡ್ 50 ವೋಲ್ಟಿನ ಕೆಪಾಸಿಟರ್ (ಕರೆಂಟನ್ನು ಕೂಡಿಡುವಂಥದ್ದು), ಕೆಂಪು ಎಲ್‌ಇಡಿ, ಒತ್ತುವ ಸ್ವಿಚ್ಚು, ಎರಡು ಪ್ಲೈವುಡ್ ತುಂಡು, ದಪ್ಪ ಫೋಮ್ ಟೇಪ್. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಗೆ ಒಂದು ಸುತ್ತು ಹೊಡೆದರೆ ಸಾಕು.

ಡಿಸ್ಕಿಗೆ ವೈರ್ ಹಚ್ಚಿರುವುದನ್ನೇ ಕೊಳ್ಳಿ. ನಾವೇ ಬೆಸುಗೆ ಹಾಕಲು ಹೋದರೆ ಕಷ್ಟ. ಹಿತ್ತಾಳೆಯ ಅಂಚು ಬಿಸಿ ತಡೆದುಕೊಳ್ಳುತ್ತದೆ, ಆದರೆ ನಡುವಿನ ಬಿಳಿ ಭಾಗಕ್ಕೆ ಬಿಸಿ ಸ್ವಲ್ಪ ಜಾಸ್ತಿಯಾದರೂ ಮೇಲಿನ ಬೆಳ್ಳಿ ಲೇಪ ಕಿತ್ತು ಬರುತ್ತದೆ. ಆ ಬಿಳಿ ಭಾಗದಲ್ಲಿ ಸೀಸ ಇರುತ್ತದೆ. ಒಡೆದರೆ ಚೂರುಗಳನ್ನು ಮಕ್ಕಳ ಕೈಗೆ ಕೊಡಬೇಡಿ.

ಡಿಸ್ಕನ್ನು ಹಲಗೆಗೆ ಅಂಟಿಸುವುದರಲ್ಲೇ ಎಲ್ಲ ಇದೆ. ಸುಮ್ನೆ ಚಪ್ಪಟೆಯಾಗಿ ಅಂಟಿಸಿದರೆ ಹೆಚ್ಚೇನೂ ಬರುವುದಿಲ್ಲ, ಯಾಕೆಂದರೆ ಡಿಸ್ಕ್ ಬಾಗಬೇಕು. ಅಂಚಿನ ಕೆಳಗೆ ಮಾತ್ರ ಟೇಪನ್ನು ಬಳೆಯಂತೆ ಸುತ್ತಲೂ ಹಾಕಿ, ನಡುವೆ ಖಾಲಿ ಬಿಡಿ. ಮೇಲ್ಗಡೆ ಸರಿಯಾಗಿ ಮಧ್ಯಕ್ಕೆ ಫೋಮಿನ ಒಂದು ಚಿಕ್ಕ ತುಂಡು ಇಡಿ. ಅದರ ಮೇಲೆ ಇನ್ನೊಂದು ಹಲಗೆ. ಕಾಲಿಟ್ಟಾಗ ನಡುಭಾಗ ತುಸುವೇ ತಗ್ಗಬೇಕು. ಪೂರ್ತಿ ಬಾಗಿದರೆ ಬಿರುಕು ಗ್ಯಾರಂಟಿ.

ಈಗ ಕೆಂಪು ವೈರ್‌ಗಳನ್ನೆಲ್ಲ ಒಟ್ಟಿಗೆ, ಕಪ್ಪು ವೈರ್‌ಗಳನ್ನೆಲ್ಲ ಒಟ್ಟಿಗೆ ಸೇರಿಸಿ. ತುಳಿದಾಗ ಕರೆಂಟ್ ಒಂದು ಕಡೆಗೆ, ಕಾಲೆತ್ತಿದಾಗ ಇನ್ನೊಂದು ಕಡೆಗೆ ಹರಿಯುತ್ತದೆ. ಅದನ್ನು ಒಂದೇ ದಾರಿಗೆ ತರಲು ಡಯೋಡುಗಳ ಬ್ರಿಜ್ ಬೇಕು, ಅಂದರೆ ನಾಲ್ಕನ್ನೂ ಚೌಕದಂತೆ ಜೋಡಿಸಬೇಕು. ಎರಡು ಡಯೋಡುಗಳ ಪಟ್ಟಿ ಇರುವ ತುದಿಗಳು ಕೂಡುವಲ್ಲಿ ಪ್ಲಸ್, ಇನ್ನೆರಡರ ಪಟ್ಟಿ ಇಲ್ಲದ ತುದಿಗಳು ಕೂಡುವಲ್ಲಿ ಮೈನಸ್. ಉಳಿದ ಎರಡು ಕೂಡುಜಾಗಗಳಲ್ಲಿ ಒಂದಕ್ಕೆ ಡಿಸ್ಕುಗಳ ಕೆಂಪು ವೈರ್, ಇನ್ನೊಂದಕ್ಕೆ ಕಪ್ಪು. ಪ್ಲಸ್-ಮೈನಸ್ ನಡುವೆ ಕೆಪಾಸಿಟರ್ ಹಾಕಿ, ಅದರಿಂದ ಸ್ವಿಚ್ಚಿನ ಮೂಲಕ ಎಲ್‌ಇಡಿಗೆ ಕೊಡಿ.

ಒಂದಷ್ಟು ಸಲ ಚೆನ್ನಾಗಿ ತುಳಿದು, ಆಮೇಲೆ ಸ್ವಿಚ್ ಒತ್ತಿ. ಎಲ್‌ಇಡಿ ಫಕ್ಕನೆ ಹತ್ತಿ ಆರುತ್ತದೆ. ಅಷ್ಟೇನಾ ಅಂತೀರಾ? ಅಷ್ಟೇ! 60 ಕೆ.ಜಿ. ತೂಕದವರು ನೆಲವನ್ನು 5 ಮಿ.ಮೀ. ತಗ್ಗಿಸಿದರೆ ಹೆಚ್ಚೆಂದರೆ 3 ಜೂಲ್ ಶಕ್ತಿ. ಪೀಜೋಗೆ ದಕ್ಕುವುದು ಅದರಲ್ಲಿ ಚೂರುಪಾರು. 4000 ಎಂಎಎಚ್ ಫೋನ್ ಬ್ಯಾಟರಿಗೆ 50 ಸಾವಿರ ಜೂಲಿಗೂ ಜಾಸ್ತಿ ಬೇಕು. ನಡೆಯುತ್ತಾ ಫೋನ್ ಚಾರ್ಜ್ ಮಾಡಿ ಎನ್ನುವ ವಿಡಿಯೋಗಳನ್ನು ನಾನಂತೂ ನಂಬುವುದಿಲ್ಲ. ಮೆಷಿನ್ನಿನ ನಡುಕದಿಂದಲೇ ನಡೆಯುವ ಚಿಕ್ಕ ಸೆನ್ಸರ್‌ಗಳಿಗಾದರೆ ಇದು ಹೇಳಿ ಮಾಡಿಸಿದ್ದು.

ಎಲ್‌ಇಡಿ ಹತ್ತಲೇ ಇಲ್ಲವಾ? ಮೊದಲು ಅದರ ಉದ್ದ ಕಾಲು ಪ್ಲಸ್ ಕಡೆಗಿದೆಯಾ ನೋಡಿ. ಆಮೇಲೆ ಕೆಪಾಸಿಟರಿನ ಪಟ್ಟಿ ಇರುವ ಕಾಲು ಮೈನಸ್‌ಗೆ ಹೋಗಿದೆಯಾ ನೋಡಿ. ಎರಡೂ ಸರಿಯಿದ್ದರೆ ಡಿಸ್ಕುಗಳನ್ನು ಒಂದೊಂದಾಗಿ ಬಿಚ್ಚಿ ಪರೀಕ್ಷಿಸಿ, ಬಿರುಕು ಬಿಟ್ಟದ್ದು ಸಿಕ್ಕರೆ ಬದಲಿಸಿ.